ಬೆಂಗಳೂರಿನಲ್ಲಿ ಮ್ಯಾಕ್ಸ್ ಬಾರ್ನ್: ಆತ್ಮಕಥೆಯ ಒಂದು ಪ್ರಕರಣ

ಕ್ವಾಂಟಂ ಸಿದ್ಧಾಂತದ ಪ್ರವರ್ತಕರಲ್ಲೊಬ್ಬರಾದ ಮ್ಯಾಕ್ಸ್ ಬಾರ್ನರ ಆತ್ಮಕಥೆಯು ಇಂಗ್ಲಿಷಿನಲ್ಲಿ 1978ರಲ್ಲಿ ಪ್ರಕಟವಾಯಿತು. 1933ರಲ್ಲಿ ನಾಟ್ಸಿಗಳಿಂದ ಪದಚ್ಯುತರಾದ ಬಾರ್ನರು, ಸರ್ ಸಿ. ವಿ. ರಾಮನ್ನರ ಆಹ್ವಾನದ ಮೇಲೆ 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳಿದ್ದರು. ಅವರಿಗೆ ಸ್ಥಿರವಾದ ಪೀಠವನ್ನು ಕಲ್ಪಿಸಲು ರಾಮನ್ನರು ಯತ್ನಿಸಿದಾಗ, ಇಂಗ್ಲೆಂಡಿನಿಂದ ಬಂದಿದ್ದ ಪ್ರಾಧ್ಯಾಪಕರೊಬ್ಬರು ತಮ್ಮನ್ನು ಎರಡನೆಯ ದರ್ಜೆಯ ಪರದೇಶಿಯೆಂದು ಸಭೆಯಲ್ಲಿ ಹೀಗಳೆದುದಾಗಿಯೂ, ತಾವು ಮನೆಗೆ ಬಂದು ಕಣ್ಣೀರಿಟ್ಟುದಾಗಿಯೂ ಬಾರ್ನರು ಬರೆದಿದ್ದಾರೆ.

ಈ ಪ್ರಕರಣವು ವಾಚಕರ ಮನಸ್ಸಿನಲ್ಲಿ ನಿಲ್ಲುವುದು ಸಹಜವೇ. ಆದರೆ ಇದು ನೊಂದವರ ಸ್ಮರಣೆ. ಇದನ್ನೇ ಸಮಗ್ರ ಚರಿತ್ರೆಯೆಂದು ಗ್ರಹಿಸುವುದು ಯುಕ್ತವಲ್ಲ. ನಾಗೇಂದ್ರನಾಥರೊಡಗೂಡಿ ಬಾರ್ನರು ಬೆಳಕಿನ ನ್ಯೂಟ್ರಿನೊ ಸಿದ್ಧಾಂತವನ್ನು ಕುರಿತು ಬರೆದ ಲೇಖನವು 1936ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿಯೇ ಅಚ್ಚಾಯಿತು. ಆ ಕಹಿಯ ಪಕ್ಕದಲ್ಲಿ ಈ ಫಲವನ್ನೂ ಇಟ್ಟು ನೋಡಿದಲ್ಲದೆ ವಿಮರ್ಶೆಯು ನ್ಯಾಯವಾಗದು.

ಬಾರ್ನರು 1936ರಲ್ಲಿ ಎಡಿನ್‌ಬರೋಗೆ ತೆರಳಿದರು. 2023ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರವು 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ ಅನುಮೋದನೆಯಿತ್ತಿತು; ಅದರ ಗಣಕವಿಭಾಗದ ಕೇಂದ್ರಕ್ಕೆ ಅದೇ ಸಂಸ್ಥೆಯು ನೆಲೆಯಾಗಿದೆ. ಆಹ್ವಾನವು ಅಂದೂ ಇದ್ದಿತು. ಇಲ್ಲದೆ ಹೋದುದು ಸ್ಥಿರವಾದ ಪೀಠ. ಬಂದವರಿಗೆ ನೆಲೆಯೂ, ಇಲ್ಲಿಯ ತರುಣರಿಗೆ ಅವರೊಡನೆ ದುಡಿಯುವ ಅವಕಾಶವೂ ಕೂಡಿದಲ್ಲಿ ಮಾತ್ರ ವಿದ್ವನ್ಮಂಡಲಿಯು ಬೇರೂರುವುದೆಂಬ ಅರ್ಥವು ಈ ಪುಟಗಳಿಂದ ಹೊರಡುತ್ತದೆ.