ಹೆಬ್ಬೆರಳು ಹಿಡಿದ ತಾಳ

ರ‍್ಯಾಗ್‌ಟೈಮ್ ಬೆಳೆದದ್ದು ಪಿಯಾನೋ ಮೇಲೆ. ಎಡಗೈ ಲಯ ಹಿಡಿದಿರುತ್ತದೆ, ಬಲಗೈ ಆ ಲಯದಿಂದ ತಪ್ಪಿಸಿಕೊಂಡು ಹಾಡುತ್ತದೆ. 1899ರಲ್ಲಿ ಅಚ್ಚಾದ ಸ್ಕಾಟ್ ಜಾಪ್ಲಿನ್‌ನ ‘ಮೇಪಲ್ ಲೀಫ್ ರ‍್ಯಾಗ್’ ಇದರ ಮೇಲ್ಪಂಕ್ತಿ. ಎರಡು ಕೈಗಳ ಈ ಕೆಲಸವನ್ನು ಗಿಟಾರ್ ಒಂದೇ ಬಲಗೈಗೆ ಹೊರಿಸುತ್ತದೆ. ದಪ್ಪ ತಂತಿಗಳಲ್ಲಿ ಹೆಬ್ಬೆರಳಿನ ತಾಳ, ತೆಳು ತಂತಿಗಳಲ್ಲಿ ಉಳಿದ ಬೆರಳುಗಳ ಹಾಡು. ಇದರಲ್ಲಿ ಸಂಗೀತ ಎಷ್ಟು, ಕಸರತ್ತು ಎಷ್ಟು?

ಮೈಸೂರು ಸೀಮೆಯಲ್ಲಿ ವೀಣೆ ಕೇಳಿ ಬೆಳೆದವರಿಗೆ ಈ ಏರ್ಪಾಡು ತೀರಾ ಹೊರಗಿನದಲ್ಲ. ವೀಣೆಯ ಏಳು ತಂತಿಗಳಲ್ಲಿ ನಾಲ್ಕು ಮೆಟ್ಟಿಲುಗಳ ಮೇಲೆ ಹಾಯುತ್ತವೆ, ಮೂರು ಪಕ್ಕದಲ್ಲಿ ತಾಳಕ್ಕೆಂದೇ ಇವೆ. ತೋರುಬೆರಳು, ನಡುಬೆರಳು ರಾಗ ಮೀಟುವಾಗ ಕಿರುಬೆರಳು ತಾಳದ ತಂತಿಗಳನ್ನು ನೋಡಿಕೊಳ್ಳುತ್ತದೆ. ವೀಣೆ ಶೇಷಣ್ಣನವರ ಝಿಂಜೋಟಿ ತಿಲ್ಲಾನವನ್ನು ಒಳ್ಳೆಯ ವೈಣಿಕರಿಂದ ಕೇಳಿದರೆ ಒಂದೇ ಕೈ ಎರಡು ಕೆಲಸ ಮಾಡುವ ಸೊಗಸು ತಿಳಿಯುತ್ತದೆ. ಆದರೆ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ತಾಳದ ತಂತಿಗಳು ಷಡ್ಜ ಪಂಚಮ ಬಿಟ್ಟು ಕದಲುವುದಿಲ್ಲ; ಗಿಟಾರಿನ ಹೆಬ್ಬೆರಳು ಕಾರ್ಡ್ ಬದಲಾದಂತೆಲ್ಲ ಜಾಗ ಬದಲಿಸಬೇಕು. ವೀಣೆಯ ಜೀವ ಗಮಕದಲ್ಲಿದೆ. ರ‍್ಯಾಗ್‌ಟೈಮಿನಲ್ಲಿ ಗಮಕಕ್ಕೆ ಎಡೆಯೇ ಇಲ್ಲ. ಸ್ವರ ಯಾವ ಗಳಿಗೆಯಲ್ಲಿ ಬೀಳುತ್ತದೆ ಎಂಬುದೇ ಅದರ ಸರ್ವಸ್ವ.

ಎಂಟು ಮಾತ್ರೆ ತೆಗೆದುಕೊಳ್ಳಿ. ಹೆಬ್ಬೆರಳು ಒಂದು, ಮೂರು, ಐದು, ಏಳಕ್ಕೆ ಸಮನಾಗಿ ಮೀಟುತ್ತದೆ. ಮೇಲಿನ ಬೆರಳುಗಳದು ‘ತಕಿಟ ತಕಿಟ ತಕ’: ಒಂದು, ನಾಲ್ಕು, ಏಳಕ್ಕೆ ಒತ್ತು. ಮೊದಲ ಪೆಟ್ಟು ಕೂಡುತ್ತದೆ, ಕೊನೆಯದೂ ಕೂಡುತ್ತದೆ. ನಡುವಿನದು ಹೆಬ್ಬೆರಳಿನ ಎರಡು ಪೆಟ್ಟುಗಳ ಸಂದಿಯಲ್ಲಿ ಬೀಳುತ್ತದೆ. ಆ ನಾಲ್ಕನೆಯ ಮಾತ್ರೆಯಲ್ಲಿ ಹೆಬ್ಬೆರಳು ಕೂದಲೆಳೆಯಷ್ಟು ಅಳುಕಿದರೂ ಎಲ್ಲ ಕೆಟ್ಟಿತು. ಲಯ ಅಚಲವಾಗಿದ್ದರೆ ಮಾತ್ರ ಅದನ್ನು ತಪ್ಪಿಸುವುದಕ್ಕೆ ಅರ್ಥ. ಮೃದಂಗದ ಪಾಠ ಆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗಿಟಾರ್ ವಾದಕರಲ್ಲಿ ನನಗೆ ಕಾಣುವ ದೊಡ್ಡ ದೋಷ ವೇಗದ ಆಸೆ. ರ‍್ಯಾಗನ್ನು ಓಡಿಸಬೇಡಿ ಎಂದು ಜಾಪ್ಲಿನ್ ತನ್ನ ಸ್ವರಲಿಪಿಯ ಹಾಳೆಗಳಲ್ಲೇ ಅಚ್ಚು ಹಾಕಿಸಿದ್ದ. ಓಡಿಸಿದರೆ ನಾಲ್ಕನೆಯ ಮಾತ್ರೆಯ ಆ ಸಂದಿಯೇ ಮಾಯವಾಗುತ್ತದೆ; ಉಳಿಯುವುದು ಬೆರಳುಗಳ ಚುರುಕು ಮಾತ್ರ. ಎರಡನೆಯ ದೋಷ, ಪಿಯಾನೋದ ಸ್ವರಗಳನ್ನೆಲ್ಲ ಆರು ತಂತಿಗಳಿಗೆ ತುರುಕುವ ಹಟ. ‘ಮೇಪಲ್ ಲೀಫ್’ ಮೂಲದಲ್ಲಿ ಎ-ಫ್ಲ್ಯಾಟ್‌ನಲ್ಲಿದೆ. ಗಿಟಾರಿನವರು ಅರ್ಧ ಸ್ವರ ಏರಿಸಿ ‘ಎ’ಗೆ ತಂದುಕೊಳ್ಳುತ್ತಾರೆ. ಆಗ ಬೇಕಾದ ಮೂರು ಮುಖ್ಯ ಮಂದ್ರ ಸ್ವರಗಳೂ ಖಾಲಿ ತಂತಿಗಳಲ್ಲೇ ಸಿಕ್ಕಿ, ಎಡಗೈ ರಾಗಕ್ಕೆ ಬಿಡುವಾಗುತ್ತದೆ. ಇದು ವಾದ್ಯದ ಗುಣ ಅರಿತು ಮಾಡಿದ ಕೆಲಸ. ಏನನ್ನು ಬಿಡಬೇಕೆಂದು ತಿಳಿದ ರೂಪಾಂತರವೇ ಕೇಳಲು ಯೋಗ್ಯ.

ಇದಕ್ಕೂ ಮಿಗಿಲಾದದ್ದು ಗಿಟಾರಿಗೇ ಹುಟ್ಟಿದ ರಚನೆಗಳು. 1926ರಿಂದ 1932ರವರೆಗೆ ಪ್ಯಾರಾಮೌಂಟ್ ಕಂಪನಿಗೆ ಧ್ವನಿಮುದ್ರಣ ಕೊಟ್ಟ ಬ್ಲೈಂಡ್ ಬ್ಲೇಕ್‌ನ ಹೆಬ್ಬೆರಳು ಒಂದು ತಂತಿಯಿಂದ ಪಕ್ಕದ್ದಕ್ಕೆ ಜಾರಿ ಒಂದು ಪೆಟ್ಟನ್ನು ಎರಡು ಮಾಡುತ್ತದೆ. ಪಿಯಾನೋದ ಎಡಗೈಗೆ ಇಲ್ಲದ ಬೆಡಗು ಅದು. ರೆವರೆಂಡ್ ಗ್ಯಾರಿ ಡೇವಿಸ್ ಹೆಬ್ಬೆರಳು ಮತ್ತು ತೋರುಬೆರಳು ಎರಡರಲ್ಲೇ ಇಷ್ಟೆಲ್ಲ ನುಡಿಸಿದವರು. ಇಬ್ಬರೂ ಅಂಧರು. ಅಚ್ಚಿನ ಹಾಳೆ ಇಲ್ಲದೆ ಕಿವಿಯಿಂದ ಕಟ್ಟಿದ ಈ ಸಂಗೀತವನ್ನು ನಾನು ರೂಪಾಂತರಗಳಿಗಿಂತ ಮೇಲಿಡುತ್ತೇನೆ.

ಹೊಸದಾಗಿ ಕಟ್ಟುವವರು ನಮ್ಮಲ್ಲಿ ಎಡವುವುದು ಇಲ್ಲೇ. ಸಿನಿಮಾ ಹಾಡೊಂದರ ಕೆಳಗೆ ಹೆಬ್ಬೆರಳಿನ ತಾಳ ಹಾಕಿದ ಮಾತ್ರಕ್ಕೆ ಅದು ರ‍್ಯಾಗ್ ಆಗದು. ‘ಮೇಪಲ್ ಲೀಫ್’ನಲ್ಲಿ ಹದಿನಾರು ಆವರ್ತಗಳ ನಾಲ್ಕು ಭಾಗಗಳಿವೆ, ಮೂರನೆಯದರಲ್ಲಿ ಆಧಾರ ಶ್ರುತಿಯೇ ಮಧ್ಯಮಕ್ಕೆ ಸರಿಯುತ್ತದೆ. ಪುನ್ನಾಗವರಾಳಿಯನ್ನು ಮಧ್ಯಮ ಶ್ರುತಿಯಲ್ಲಿ ಕೇಳಿ ಗೊತ್ತಿರುವ ನಮ್ಮ ಕಿವಿಗೆ ಆ ಸರಿಯುವಿಕೆ ರುಚಿಸಲೇಬೇಕು.

ಮೇಲುಕೋಟೆಯಲ್ಲಿ ಕೂತು ಇದನ್ನು ಬರೆಯುವಾಗ ಪು.ತಿ.ನ. ಅವರನ್ನು ನೆನೆಯದೆ ಆಗದು. ಈ ಊರಿನ ಕವಿ ತಮ್ಮ ಗೀತನಾಟಕಗಳಿಗೆ ತಾವೇ ಧಾಟಿ ಕಟ್ಟಿದರು, ಹೊಸ ರಾಗಗಳನ್ನೂ ಕಲ್ಪಿಸಿದರು. ಅವರ ‘ಗೋಕುಲ ನಿರ್ಗಮನ’ವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದರು. ಜಾಪ್ಲಿನ್ ಕೂಡ ‘ಟ್ರೀಮನೀಷಾ’ ಎಂಬ ಗೀತನಾಟಕ ಬರೆದು 1911ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ. 1917ರಲ್ಲಿ ತೀರಿಕೊಂಡ ಅವನ ಆ ಕೃತಿ ಪೂರ್ಣವಾಗಿ ರಂಗ ಕಂಡದ್ದು 1972ರಲ್ಲಿ. ಇಬ್ಬರಿಗೂ ಧಾಟಿ ಎಂಬುದು ಕೃತಿಯ ಮೈಯೇ ಆಗಿತ್ತು. ರ‍್ಯಾಗ್ ಕಟ್ಟುವವರಿಗೆ ಬೇಕಾದದ್ದು ಈ ಶ್ರದ್ಧೆ.

ರಾಯಗೋಪುರದ ಬಳಿ ಗಿಟಾರ್ ಹೊತ್ತು ಬರುವ ಹುಡುಗ ಹುಡುಗಿಯರಲ್ಲಿ ನನ್ನ ಕೋರಿಕೆ ಇಷ್ಟು: ಮೊದಲು ಹೆಬ್ಬೆರಳೊಂದನ್ನೇ ನಿಧಾನವಾಗಿ ಸಾಧಿಸಿ. ಆಮೇಲೆ ಝಿಂಜೋಟಿಯ ಸ್ವರಗಳಲ್ಲಿ, ಹದಿನಾರು ಆವರ್ತಗಳ ಒಂದೇ ಒಂದು ಭಾಗವನ್ನು ನೀವೇ ಕಟ್ಟಿ ನುಡಿಸಿ.