ಚೀಟಿಗೆ ಸಿಕ್ಕ ವಚನ, ಸಿಕ್ಕದ ಸಂವಾದ



ಈಚೆಗೆ ನಮ್ಮ ಬಳಗದಲ್ಲಿ ಅನೇಕರು ತುಸುತುಸುವೇ ಓದುತ್ತಿದ್ದಾರೆ. ನೇಪರ್‌ವಿಲ್‌ನಿಂದ ಶಿಕಾಗೊ ಪೇಟೆಗೆ ಹೋಗುವ ರೈಲಿನಲ್ಲಿ ಎರಡು ವಚನ, ಒಂದು ಕಗ್ಗ, ಕಾದಂಬರಿಯ ನಾಲ್ಕು ಪುಟ. ಡೆಟ್ರಾಯಿಟ್ ಕಡೆಯ ಟ್ರಾಯ್, ನೋವೈಗಳಲ್ಲಿ ಕಾರು ಓಡಿಸಿಕೊಂಡು ಕೆಲಸಕ್ಕೆ ಹೋಗುವವರಿಗೆ ಆ ಸೌಕರ್ಯವಿಲ್ಲ; ಅವರದು ಊಟದ ಬಿಡುವಿನ ಓದು. ಓದಿದ್ದು ಮರೆಯದಿರಲೆಂದು ಫ್ಲ್ಯಾಶ್ ಕಾರ್ಡ್. ನಾನೂ ಎರಡು ವರ್ಷ ಹೀಗೇ ಓದಿದೆ. ಅದರಲ್ಲಿ ದಕ್ಕಿದ್ದೇನು, ದಕ್ಕದೇ ಹೋದದ್ದೇನು ಎಂದು ಹೇಳುವುದಷ್ಟೇ ಈ ಬರಹದ ಉದ್ದೇಶ.

ಉಪಾಯವೇನೂ ಹೊಸದಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವಿನ ವೇಗವನ್ನು ಅಳೆದು 1885ರಲ್ಲಿ ಪುಸ್ತಕ ಬರೆದ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಚೀಟಿಗಳ ಪೆಟ್ಟಿಗೆಯ ಕ್ರಮ ಹೇಳಿಕೊಟ್ಟ: ಉತ್ತರ ಸರಿಯಾದರೆ ಚೀಟಿ ಮುಂದಿನ ಖಾನೆಗೆ ಹೋಗಿ ತಡವಾಗಿ ತಿರುಗಿ ಬರುತ್ತದೆ, ತಪ್ಪಾದರೆ ಮೊದಲ ಖಾನೆಗೆ ವಾಪಸ್ಸು. 1980ರ ದಶಕದಲ್ಲಿ ಪೋಲೆಂಡಿನ ಪಿಯೋಟರ್ ವೋಜ್ನಿಯಾಕ್ ಈ ಬಗೆಯ ಪುನರಾವರ್ತನೆಯನ್ನು ಕಂಪ್ಯೂಟರಿನ ಲೆಕ್ಕಕ್ಕೆ ತಂದ. ಮುಂದೆ ತನ್ನ ಸೂಪರ್‌ಮೆಮೊದಲ್ಲಿ ಹತ್ತಾರು ಲೇಖನಗಳನ್ನು ಸರದಿಯ ಮೇಲೆ ಸ್ವಲ್ಪಸ್ವಲ್ಪ ಓದುತ್ತ, ಬೇಕಾದ ವಾಕ್ಯಗಳನ್ನು ಕತ್ತರಿಸಿ ಕಾರ್ಡು ಮಾಡಿಕೊಳ್ಳುವ ವ್ಯವಸ್ಥೆಯನ್ನೂ ಸೇರಿಸಿದ. 2006ರಲ್ಲಿ ಬಂದ ಆಂಕಿ ಎಂಬ ತಂತ್ರಾಂಶ ನಮ್ಮಲ್ಲಿ ಹಲವರ ಫೋನಿನಲ್ಲಿದೆ.

ಒಂದು ಸಂಗತಿ ಮಾತ್ರ ಗಮನಿಸಬೇಕು. ಅದೇ ಎಬ್ಬಿಂಗ್‌ಹೌಸ್ ಬೈರನ್ ಕವಿಯ ಪದ್ಯಗಳನ್ನೂ ಕಲಿತು ನೋಡಿದ್ದ. ಅರ್ಥ, ಲಯ, ಪ್ರಾಸ ಇದ್ದ ಪದ್ಯಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಶ್ರಮ ಸಾಕಾಯಿತಂತೆ. ಅಂದರೆ ನೆನಪಿಗೆ ದೊಡ್ಡ ಸಹಾಯ ಪೆಟ್ಟಿಗೆಯಲ್ಲ, ಮಾತುಗಳ ನಡುವಿನ ನಂಟು.

ನನ್ನ ಮೊದಲ ಪ್ರಯೋಗ ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ'. 1943ರಲ್ಲಿ ಬಂದ ಈ ಪುಸ್ತಕದಲ್ಲಿ 945 ಪದ್ಯಗಳು, ಪ್ರತಿಯೊಂದೂ ನಾಲ್ಕೇ ಸಾಲು. ದಿನಕ್ಕೊಂದರಂತೆ ಎರಡು ವರ್ಷ ಏಳು ತಿಂಗಳ ಓದು! ಕಾರ್ಡಿಗೆಂದೇ ಬರೆದಂತಿದೆ. ಆದರೆ ಸರದಿ ತಪ್ಪಿಸಿ ಓದಿದಾಗ ಕಗ್ಗ ಬರೀ ಬುದ್ಧಿಮಾತಿನ ಕಂತೆಯಾಗಿ ಕಾಣತೊಡಗಿತು. ಮೊದಲ ಪುಟಗಳಲ್ಲಿ ಬದುಕಿಗೆ ಅರ್ಥವಿದೆಯೇ ಎಂದು ತಳಮಳಿಸುವ ಮನಸ್ಸು ಕೊನೆಗೆ ಶರಣಾಗತಿಗೆ ಬರುತ್ತದೆ. ಆ ದಾರಿ ನನ್ನ ಯಾವ ಕಾರ್ಡಿನಲ್ಲೂ ಇರಲಿಲ್ಲ.

ಆಮೇಲೆ ವಚನಗಳಿಗೆ ಬಂದೆ. ಇನ್ನೂರರಷ್ಟು ಕಾರ್ಡು. ಮುಂದೆ ವಚನದ ಸಾಲು, ಹಿಂದೆ ವಚನಕಾರರ ಹೆಸರು. ಒಮ್ಮೆ ಬಳಗದ ಕೂಟದಲ್ಲಿ, ಹಣ್ಣು ಒಳಗೆ ಮಾಗದೆ ಸಿಪ್ಪೆಯ ಬಣ್ಣ ಕೆಡದು ಎಂಬರ್ಥದ ಮಾತು ಬಂತು. ನಾನು ತಟ್ಟನೆ "ಅಕ್ಕಮಹಾದೇವಿ" ಎಂದೆ. ಪಕ್ಕದಲ್ಲಿದ್ದ ಹಿರಿಯರು, "ಅದು ಸರಿ ಮಾರಾಯರೇ, ಅಕ್ಕ ಇದನ್ನ ಯಾರಿಗೆ ಹೇಳಿದ್ದು? ಯಾಕೆ ಹೇಳಿದ್ದು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದು 'ಶೂನ್ಯಸಂಪಾದನೆ' ತೆರೆದೆ. ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮ ಎಲ್ಲರೆದುರು ಪರೀಕ್ಷಿಸುತ್ತಾನೆ. ಸೀರೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂಬುದು ಅವನ ಪ್ರಶ್ನೆ. ಹಣ್ಣಿನ ಮಾತು ಅದಕ್ಕೆ ಕೊಟ್ಟ ಉತ್ತರ. ಅಷ್ಟೇ ಅಲ್ಲ, ಮೈ ಮುಚ್ಚಿದ್ದು ನೋಡುವ ನಿಮಗೆ ನೋವಾಗಬಾರದೆಂದು ಎಂದು ಆಕೆ ಮಾತನ್ನು ಕೇಳಿದವರ ಕಡೆಗೇ ತಿರುಗಿಸುತ್ತಾಳೆ. ನನ್ನ ಕಾರ್ಡಿನಲ್ಲಿದ್ದದ್ದು ಮೊದಲ ವಾಕ್ಯ ಮಾತ್ರ. ಧೈರ್ಯದ ಭಾಗವನ್ನೇ ಕತ್ತರಿಸಿ ಹಣ್ಣಿನ ಗಾದೆಯನ್ನು ಉಳಿಸಿಕೊಂಡಿದ್ದೆ.

ಬಿಡಿಬಿಡಿಯಾದ ತುಣುಕುಗಳ ಈ ಸಮಸ್ಯೆ ನಮ್ಮ ಹಿಂದಿನವರಿಗೆ ಗೊತ್ತಿತ್ತು ಎಂದು ನನಗನಿಸುತ್ತದೆ. ವಚನ ಒಂಟಿಯಾಗಿಯೇ ಊರೂರು ಸುತ್ತಬಲ್ಲದು. ಅಂಕಿತವಿರುವುದರಿಂದ ಯಾರದೆಂಬ ಗುರುತು ಜೊತೆಗೇ ಹೋಗುತ್ತದೆ. ಕಾರ್ಡಿನ ಹಿಂಬದಿಯ ಉತ್ತರ ಮುಂಬದಿಯಲ್ಲೇ ಇದ್ದ ಹಾಗೆ. ಆದರೆ ಸಂದರ್ಭ ಜೊತೆಗೆ ಹೋಗುವುದಿಲ್ಲ. 12ನೇ ಶತಮಾನದ ಆ ಬಿಡಿ ವಚನಗಳನ್ನು 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ನಡುನಡುವೆ ಗದ್ಯ ಸೇರಿಸಿ ಸಂವಾದವಾಗಿ ಜೋಡಿಸಿದ. ಅದು ಸಾಲದೆಂದು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಮತ್ತೆ ಮತ್ತೆ ಜೋಡಿಸಿದರು. ಮುನ್ನೂರು ವರ್ಷ ಕಳೆದ ಮೇಲಿನ ಜೋಡಣೆಯನ್ನು ಇತಿಹಾಸವೆಂದು ಹೇಗೆ ನಂಬುವುದು ಎಂದು ನೀವು ಕೇಳಬಹುದು. ನಂಬಬೇಕಾಗಿಲ್ಲ. ಅದು ಒಂದು ಓದು, ಒಂದು ಬಗೆಯ ವಿಮರ್ಶೆ.

ನಮ್ಮ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್ 1973ರಲ್ಲಿ ತಂದ 'ಸ್ಪೀಕಿಂಗ್ ಆಫ್ ಶಿವ'ದಲ್ಲಿ ವಚನಗಳಿಗೆ ಶೀರ್ಷಿಕೆಯಿಲ್ಲ, ಕನ್ನಡ ಆವೃತ್ತಿಗಳ ಸಂಖ್ಯೆ ಮಾತ್ರ. ನೋಡಲು ಕಾರ್ಡಿನಂತೆಯೇ. ಆದರೂ ಮಹಾದೇವಿಯಕ್ಕನ ವಚನಗಳಿಗೆ ಮೊದಲು ಆಕೆಯ ಕತೆಯನ್ನೂ ಅಲ್ಲಮನೊಡನೆ ನಡೆದ ಈ ಮಾತುಕತೆಯನ್ನೂ ಅವರು ಹೇಳಿಯೇ ಮುಂದೆ ಹೋಗುತ್ತಾರೆ. ಕನ್ನಡ ತಿಳಿಯದ ಓದುಗನಿಗೆ ಅವರು ಒದಗಿಸಿದ ಅನುಕೂಲವನ್ನು ನಾನು ನನಗೇ ಒದಗಿಸಿಕೊಂಡಿರಲಿಲ್ಲ.

ಹಾಗೆಂದು ಕಾರ್ಡು ಬಿಸಾಡಿ ಎನ್ನಲಾರೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳ ಬಾಯಲ್ಲಿ ಹತ್ತು ವಚನ ನಿಲ್ಲಲು ಅದು ನೆರವಾದರೆ ಸಂತೋಷವೇ. ನಾನು ಮಾಡಿಕೊಂಡ ಬದಲಾವಣೆ ಇಷ್ಟು: ಹಿಂಬದಿಯಲ್ಲಿ ಹೆಸರಿನ ಜೊತೆಗೆ "ಇದಕ್ಕೆ ಮುಂಚೆ ಯಾರು ಏನು ಕೇಳಿದರು?" ಎಂದು ಬರೆಯುತ್ತೇನೆ. ಉತ್ತರ ಗೊತ್ತಿಲ್ಲದಿದ್ದರೆ ಕಾರ್ಡು ಪಕ್ಕಕ್ಕಿಟ್ಟು ಪುಸ್ತಕ ತೆರೆಯುತ್ತೇನೆ. ಇನ್ನೂರು ಕಾರ್ಡು ಈಗ ನಲವತ್ತಕ್ಕೆ ಇಳಿದಿದೆ.

ನಿಮ್ಮ ಅನುಭವವೇನು? ಬರೆದು ತಿಳಿಸಿ.