ಬನಾರಸಿನ ಸಂಸ್ಕೃತ ಮೇಷ್ಟ್ರು

ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಫಿರೋಜ್ ಖಾನ್ ಪ್ರಕರಣ ಸೌಹಾರ್ದದಿಂದ ಮುಗಿಯಿತು, ಎಲ್ಲರ ಭಾವನೆಗೂ ಗೌರವ ಸಿಕ್ಕಿತು ಎಂಬ ಮಾತು ಈಗಲೂ ಕೇಳಿಬರುತ್ತದೆ. ಆ ಹೊಗಳಿಕೆಯನ್ನು ನಾನು ಒಪ್ಪುವುದಿಲ್ಲ.

2019ರ ನವೆಂಬರಿನಲ್ಲಿ ಸಂಸ್ಕೃತ ವಿದ್ವಾಂಸ ಫಿರೋಜ್ ಅವರು ಸಂಸ್ಕೃತ ವಿದ್ಯಾ ಧರ್ಮವಿಜ್ಞಾನ ನಿಕಾಯದ ಸಾಹಿತ್ಯ ವಿಭಾಗಕ್ಕೆ ಸಹಾಯಕ ಪ್ರಾಧ್ಯಾಪಕರಾಗಿ ನೇಮಕಗೊಂಡದ್ದು, ಮುಸ್ಲಿಮರೊಬ್ಬರ ಈ ನೇಮಕವನ್ನು ವಿರೋಧಿಸಿ ಆ ನಿಕಾಯದ ವಿದ್ಯಾರ್ಥಿಗಳು ಕುಲಪತಿಗಳ ಮನೆ ಮುಂದೆ ಧರಣಿ ಕೂತದ್ದು, ಆಯ್ಕೆ ನಿಯಮದಂತೆಯೇ ಆಗಿದೆಯೆಂದು ವಿಶ್ವವಿದ್ಯಾಲಯ ಹೇಳಿದ್ದು ಎಲ್ಲರಿಗೂ ಗೊತ್ತು. ಡಿಸೆಂಬರಿನಲ್ಲಿ ಅವರು ಆ ಹುದ್ದೆಗೆ ರಾಜೀನಾಮೆ ಕೊಟ್ಟು ಕಲಾ ನಿಕಾಯದ ಸಂಸ್ಕೃತ ವಿಭಾಗ ಸೇರಿದರು.

ಮುಸ್ಲಿಮರು ಸಂಸ್ಕೃತ ಕಲಿಸುವುದಕ್ಕೆ ತಮ್ಮ ಅಡ್ಡಿಯಿಲ್ಲ, ಧರ್ಮ ಕಲಿಸುವ ಈ ನಿಕಾಯದಲ್ಲಿ ಮಾತ್ರ ಬೇಡ ಎಂಬುದು ಧರಣಿ ಕೂತವರ ವಾದ. ಇದನ್ನು ಬರೀ ದ್ವೇಷವೆಂದು ತಳ್ಳಿಹಾಕಲಾರೆ. ಪೂಜೆ, ಸಂಸ್ಕಾರಗಳನ್ನು ಯಾರು ಮಾಡಿಸಬೇಕೆಂದು ಆಯಾ ಸಮುದಾಯವೇ ತೀರ್ಮಾನಿಸಿಕೊಳ್ಳಲಿ. ಆದರೆ ಫಿರೋಜ್ ಬಂದದ್ದು ಸಾಹಿತ್ಯ ವಿಭಾಗಕ್ಕೆ. ಅಲ್ಲಿ ಓದಿಸುವುದು ಕಾವ್ಯ, ನಾಟಕ, ಅಲಂಕಾರಶಾಸ್ತ್ರ. ಮಮ್ಮಟನ ‘ಕಾವ್ಯಪ್ರಕಾಶ’ ಓದಿದವರಿಗೆಲ್ಲ ಗಂಗೆಯ ಮೇಲಿನ ಹಳ್ಳಿಯ ಉದಾಹರಣೆ ನೆನಪಿರುತ್ತದೆ. ಹೊಳೆಯ ಮೇಲೆ ಹಳ್ಳಿ ಇರಲಾರದು, ಆದ್ದರಿಂದ ದಡವೆಂದು ತಿಳಿಯಬೇಕು. ದಡವೆಂದೇ ಹೇಳದೆ ಗಂಗೆ ಎಂದದ್ದರಿಂದ ಆ ಹಳ್ಳಿಯ ತಂಪೂ ಪಾವಿತ್ರ್ಯವೂ ಹೊಳೆಯುತ್ತವೆ. ಪದ ಬೇರೆ ಅರ್ಥ ಹಿಡಿಯುವ ಲಕ್ಷಣೆ, ಹೇಳದ್ದನ್ನು ಹೊಳೆಯಿಸುವ ವ್ಯಂಜನೆ, ಇವುಗಳ ಪಾಠ ಶುರುವಾಗುವುದೇ ಇಂಥಲ್ಲಿಂದ. ಈ ಪಾವಿತ್ರ್ಯ ಹೇಗೆ ಧ್ವನಿತವಾಗುತ್ತದೆಂದು ಬಿಡಿಸಿ ಹೇಳಲು ಮೇಷ್ಟ್ರು ಗಂಗಾಸ್ನಾನ ಮಾಡಿರಬೇಕೇ? ವ್ಯಾಕರಣ ಗಟ್ಟಿಯಿರಬೇಕು, ಕಾವ್ಯ ಓದಿ ಓದಿ ಮನಸ್ಸು ಹದವಾಗಿರಬೇಕು. ಕಾವ್ಯಕ್ಕೆ ಅಧಿಕಾರಿ ಯಾರೆಂಬ ಪ್ರಶ್ನೆಗೆ ಕಾವ್ಯಮೀಮಾಂಸಕ ಅಭಿನವಗುಪ್ತ ಕೊಟ್ಟ ಉತ್ತರವೂ ಇದೇ: ಕಾವ್ಯಾಭ್ಯಾಸದಿಂದ ಮನಸ್ಸನ್ನು ಕನ್ನಡಿಯಂತೆ ತಿಳಿಯಾಗಿಸಿಕೊಂಡವನು. ಅವನು ಕುಲ ಕೇಳಲಿಲ್ಲ. ತಾವು ಓದುವ ಶಾಸ್ತ್ರವೇ ಹಾಕಿಕೊಟ್ಟ ಅರ್ಹತೆಯನ್ನು ಬದಿಗಿಟ್ಟು, ಶಾಸ್ತ್ರದಲ್ಲಿಲ್ಲದ ಇನ್ನೊಂದನ್ನು ಆ ವಿದ್ಯಾರ್ಥಿಗಳು ತಂದಿಟ್ಟರು.

ಫಿರೋಜ್ ಪರವಾಗಿ ಬರೆದವರ ಮೇಲೆ ನನಗೆ ಇನ್ನೂ ಹೆಚ್ಚಿನ ತಕರಾರಿದೆ. ಅವರ ತಂದೆ ರಮ್ಜಾನ್ ಖಾನ್ ಭಜನೆ ಹಾಡುತ್ತಾರೆ, ಗೋಸೇವೆ ಮಾಡುತ್ತಾರೆ ಎಂದು ಲೇಖನದ ಮೇಲೆ ಲೇಖನ ಬಂತು. 2020ರಲ್ಲಿ ತಂದೆಗೆ ಪದ್ಮಶ್ರೀ ಘೋಷಣೆಯಾದಾಗ ಅದನ್ನೇ ದೊಡ್ಡ ಉತ್ತರವೆಂದು ಸಂಭ್ರಮಿಸಿದವರೂ ಇದ್ದಾರೆ. ಆ ಹಿರಿಯರ ಭಕ್ತಿ ದೊಡ್ಡದು, ಗೌರವ ಅವರಿಗೆ ಸಲ್ಲತಕ್ಕದ್ದೇ. ಆದರೆ ಅಪ್ಪ ಭಜನೆ ಹಾಡದಿದ್ದರೆ ಮಗನ ಅಲಂಕಾರಶಾಸ್ತ್ರ ಕಳಪೆಯಾಗುತ್ತಿತ್ತೇ? ಶಾಸ್ತ್ರಿ, ಆಚಾರ್ಯ ಪದವಿ ಪಡೆದು, ಜೈಪುರದಲ್ಲಿ ಪಿಎಚ್‌.ಡಿ. ಮಾಡಿ ಬಂದ ವಿದ್ವಾಂಸನಿಗೆ ಭಕ್ತಿಯ ಸರ್ಟಿಫಿಕೇಟು ಹುಡುಕಿಕೊಟ್ಟು, ಎದುರಾಳಿಗಳ ಅಳತೆಗೋಲನ್ನೇ ಇವರೂ ಹಿಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿದ್ದ ರಹಮತ್ ತರೀಕೆರೆಯವರು ನಾಥಪಂಥದ ಬಗ್ಗೆ ಬರೆದದ್ದನ್ನು ನಾವು ಅವರ ತಿರುಗಾಟ ಮತ್ತು ಓದಿನಿಂದ ಅಳೆಯುತ್ತೇವೆ, ಮನೆತನದ ಆಚರಣೆಯಿಂದಲ್ಲ. ಫಿರೋಜ್ ಅವರಿಗೆ ಸಲ್ಲಬೇಕಾಗಿದ್ದುದೂ ಅಷ್ಟೇ. ಬೆಂಬಲಕ್ಕೆ ಮೆರವಣಿಗೆ ಹೊರಟ ಬನಾರಸಿನ ವಿದ್ಯಾರ್ಥಿಗಳು ಈ ಲೇಖಕರಿಗಿಂತ ನೇರವಾಗಿದ್ದರು: ನಾವು ನಿಮ್ಮೊಂದಿಗಿದ್ದೇವೆ ಎಂದರು, ಅಷ್ಟೆ.

ಕಲಾ ನಿಕಾಯದ ಹುದ್ದೆಗೂ ಫಿರೋಜ್ ಅರ್ಹತೆಯಿಂದಲೇ ಆಯ್ಕೆಯಾಗಿದ್ದರು ನಿಜ. ಆದರೂ ಸಹಬಾಳ್ವೆಯ ಭಾರವನ್ನು ಇಲ್ಲಿ ಹೊತ್ತದ್ದು ಒಬ್ಬರೇ, ಅದೂ ತಪ್ಪು ಮಾಡದವರು. ನಿಯಮದ ಪರವಾಗಿ ಹೇಳಿಕೆ ಕೊಟ್ಟ ಆಡಳಿತ, ಆಯ್ಕೆಯಾದ ವಿಭಾಗದಲ್ಲೇ ಅವರನ್ನು ಉಳಿಸಿಕೊಳ್ಳುವ ಹೊಣೆಯನ್ನೂ ಹೊರಬೇಕಾಗಿತ್ತು, ಹೊರಲಿಲ್ಲ. ಇದನ್ನು ಸೌಹಾರ್ದದ ಮಾದರಿಯೆಂದು ದಯವಿಟ್ಟು ಬೇರೆ ವಿಶ್ವವಿದ್ಯಾಲಯಗಳ ಮುಂದೆ ಇಡಬೇಡಿ.